ಕರೆಂಟಿನ ವಾಪಸು ದಾರಿ

ಚಿಕ್ಕಪ್ಪ ಟೀ ಕುಡಿದ ಲೋಟ ಕೆಳಗಿಟ್ಟು, ತಲೆಗೆ ಸುತ್ತಿದ್ದ ಟವೆಲ್ ಬಿಗಿ ಮಾಡಿಕೊಂಡು ಗಾಡಿ ಹತ್ತಿದರು. ಬೆಳಗಿನ ಜಾವ ಮೂರೂ ಮುಕ್ಕಾಲು. ಮುಳಬಾಗಿಲು ದಾಟಿ ಕೋಲಾರದ ಕಡೆ ಹೊರಟ ಹೆದ್ದಾರಿ. ಹಿಂದೆ 80 ಬಾಕ್ಸ್ ಟೊಮೆಟೊ, ಬಾಕ್ಸಿಗೆ 15 ಕೆ.ಜಿ. ಕೀಲಿ ಅರ್ಧ ತಿರುಗಿಸಿದಾಗ ಮೀಟರ್ ಬೋರ್ಡಿನ ಕೆಂಪು ದೀಪಗಳು ಎಂದಿನಂತೆ ಹತ್ತಿದವು. ಪೂರ್ತಿ ತಿರುಗಿಸಿದರು. ಗಾಡಿಯ ಹೊಟ್ಟೆಯೊಳಗೆ ಎಲ್ಲೋ ‘ಟಕ್’ ಅಂತ ಒಂದೇ ಒಂದು ಸದ್ದು. ಅಷ್ಟೇ. ಕೆಂಪು ದೀಪಗಳು ಆರಿಹೋದವು. ಹಾರ್ನ್ ಒತ್ತಿದರೆ ಉಸಿರಿಲ್ಲ. ಹೆಡ್‌ಲೈಟ್ ಇಲ್ಲ, ಇಂಡಿಕೇಟರ್ ಇಲ್ಲ, ಕ್ಯಾಬಿನ್ನಿನ ಪುಟ್ಟ ಬಲ್ಬೂ ಇಲ್ಲ. ಹತ್ತು ನಿಮಿಷದ ಹಿಂದೆ ಚೆನ್ನಾಗಿಯೇ ಓಡಿಕೊಂಡು ಬಂದ ಗಾಡಿ ಈಗ ಬರೀ ಕಬ್ಬಿಣ.

ಟೊಮೆಟೊ ಬೆಳೆಯುವವರಿಗೆ ಬೆಳಗಿನ ಜಾವದ ಒಂದು ಗಂಟೆಯ ಬೆಲೆ ಎಷ್ಟೆಂದು ಬೇರೆಯವರಿಗೆ ಹೇಳಿ ತಿಳಿಸುವುದು ಕಷ್ಟ. ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲೊಂದು. ಅಲ್ಲಿಂದ ಹಣ್ಣು ದೇಶದ ಮೂಲೆ ಮೂಲೆಗೆ ಹೋಗುತ್ತದೆ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸು ಎರಡು ಸಾವಿರ ರೂಪಾಯಿ ದಾಟಿದ್ದನ್ನೂ ನಾವು ಕಂಡಿದ್ದೇವೆ, ಕಿತ್ತ ಕೂಲಿ ಹುಟ್ಟದೆ ಹಣ್ಣನ್ನು ರಸ್ತೆಗೆ ಸುರಿದದ್ದನ್ನೂ ಕಂಡಿದ್ದೇವೆ. ರೇಟು ನಮ್ಮ ಕೈಯಲ್ಲಿಲ್ಲ. ಹರಾಜಿಗೆ ಮುಂಚೆ ಮಂಡಿ ಮುಟ್ಟುವುದೊಂದೇ ನಮ್ಮ ಕೈಯಲ್ಲಿರುವುದು. ಅದಕ್ಕೆ ಗಾಡಿ ಎದ್ದು ನಿಲ್ಲಬೇಕು.

ಟೀ ಅಂಗಡಿಯ ಮುಂದೆ ಇದ್ದವರೆಲ್ಲ ಸುತ್ತ ಸೇರಿದರು. ಎಲ್ಲರ ಬಾಯಲ್ಲೂ ಒಂದೇ ಮಾತು: ‘ಬ್ಯಾಟ್ರಿ ಹೋಗೈತೆ.’ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಆ ಬ್ಯಾಟರಿಗೆ ಇನ್ನೂ ಎಂಟು ತಿಂಗಳು. ಹಳೆಯದನ್ನು ಕೊಟ್ಟು ಅದನ್ನು ತಂದದ್ದೂ ಇಂಥದೇ ಒಂದು ತೊಂದರೆಗೆ. ಆಗಲೂ ಗಾಡಿ ‘ಟಕ್’ ಅಂದು ನಿಂತಿತ್ತು. ಆಗ ಅಂಗಡಿಯವರು ಮೀಟರ್ ಇಟ್ಟು ನೋಡಲಿಲ್ಲ, ಕೇಬಲ್ ಮುಟ್ಟಿ ನೋಡಲಿಲ್ಲ, ಹೊಸ ಬ್ಯಾಟರಿ ಕೂರಿಸಿ ಕೈ ತೊಳೆದುಕೊಂಡರು. ಬಿಚ್ಚಿ ಕಟ್ಟುವಾಗ ಕೇಬಲ್ಲು ಸ್ವಲ್ಪ ಅಲುಗಿ ಗಾಡಿ ಎದ್ದಿತು. ನಾವು ಹೊಸ ಬ್ಯಾಟರಿಯ ಪುಣ್ಯ ಅಂದುಕೊಂಡೆವು. ಚೆನ್ನಾಗಿದ್ದ ಬ್ಯಾಟರಿಯೊಂದನ್ನು ಗುಜರಿ ಬೆಲೆಗೆ ಕೊಟ್ಟೆವು ಎಂಬುದು ಗೊತ್ತಾಗಲು ಎಂಟು ತಿಂಗಳು ಬೇಕಾಯಿತು.

ಲಾರಿ ಚಾಲಕರೊಬ್ಬರು ಒಳ್ಳೆಯ ಮನಸ್ಸಿನಿಂದಲೇ ತಮ್ಮ ಗಾಡಿಯಿಂದ ಕರೆಂಟು ಕೊಡಲು ಬಂದರು. ಚಿಕ್ಕಪ್ಪ ಕೈಮುಗಿದು ಬೇಡವೆಂದರು. ದೊಡ್ಡ ಲಾರಿಗಳಲ್ಲಿ ಎರಡು ಬ್ಯಾಟರಿಗಳನ್ನು ಒಂದರ ಹಿಂದೊಂದು ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ನಮ್ಮಂಥ ಪಿಕಪ್ಪಿನದು 12. ಅದನ್ನು ಇದಕ್ಕೆ ಕೊಟ್ಟರೆ ಬಲ್ಬುಗಳಿಂದ ಹಿಡಿದು ಡೈನಮೋದ ಒಳಗಿನ ಡಯೋಡುಗಳ ತನಕ ಯಾವುದು ಸುಡುತ್ತದೋ ಹೇಳಲಾಗದು. ಅವಸರದಲ್ಲಿ ಎಷ್ಟೋ ಜನ ಈ ತಪ್ಪು ಮಾಡುತ್ತಾರೆ.

ಆಮೇಲೆ ನಮ್ಮಂತೆಯೇ ಟೊಮೆಟೊ ಹೇರಿಕೊಂಡು ಮಂಡಿಗೆ ಹೊರಟಿದ್ದ ಇನ್ನೊಂದು ಪಿಕಪ್ ನಿಂತಿತು. ಅವರ ಹತ್ತಿರ ದಪ್ಪ ಜಂಪರ್ ಕೇಬಲ್ ಇತ್ತು. ಪ್ಲಸ್ಸಿಗೆ ಪ್ಲಸ್ಸು, ಮೈನಸ್ಸಿಗೆ ಮೈನಸ್ಸು ಹಾಕಿ, ಅವರ ಇಂಜಿನ್ ಓಡಲು ಬಿಟ್ಟು, ಐದು ನಿಮಿಷ ಕಾದು ಕೀಲಿ ತಿರುಗಿಸಿದೆವು. ಮತ್ತದೇ ‘ಟಕ್’, ಮತ್ತದೇ ಕತ್ತಲು. ಚೆನ್ನಾಗಿರುವ ಇನ್ನೊಂದು ಬ್ಯಾಟರಿ ಪಕ್ಕದಲ್ಲಿ ನಿಂತರೂ ಗಾಡಿ ಏಳಲಿಲ್ಲ ಅಂದರೆ ಬ್ಯಾಟರಿಯದು ತಪ್ಪಲ್ಲ. ಅದನ್ನು ಅಲ್ಲೇ ತಿಳಿದುಕೊಳ್ಳಬೇಕಿತ್ತು. ತಿಳಿಯಲಿಲ್ಲ. ‘ಹಂಗಾದ್ರೆ ಸೆಲ್ಫು ಹೋಗೈತೆ’ ಎಂದು ಮಾತು ಬೇರೆ ಕಡೆ ಹೊರಳಿತು.

ಚಿಕ್ಕಪ್ಪ ಸಂಕೋಚದಿಂದಲೇ ಮುಳಬಾಗಿಲಿನ ಎಲೆಕ್ಟ್ರಿಷಿಯನ್ ಭಾಯ್‌ಗೆ ಫೋನ್ ಹಚ್ಚಿದರು. ಅವರು ನಿದ್ದೆಗಣ್ಣಿನಲ್ಲೇ ಎತ್ತಿದರು. ‘ಅಣ್ಣಾ, ಮೊದ್ಲು ಒಂದು ಮಾತು ಹೇಳಿ. ಟಕ್ ಅಂದಾಗ ಬೋರ್ಡ್ ಲೈಟು ಉಳೀತಾ, ಒಟ್ಟಿಗೇ ಹೋಯ್ತಾ?’ ಒಟ್ಟಿಗೇ ಹೋಯಿತೆಂದರು ಚಿಕ್ಕಪ್ಪ. ‘ಸ್ವಲ್ಪ ಹೊತ್ತು ಬಿಟ್ರೆ ಲೈಟು ತಾನೇ ವಾಪಸ್ ಬರ್ತದಾ?’ ಹೌದು, ಹತ್ತು ನಿಮಿಷ ಬಿಟ್ಟರೆ ಮಂಕಾಗಿ ಬರುತ್ತದೆ. ಆ ಕಡೆ ಒಂದು ಗಳಿಗೆ ಮೌನ. ‘ಬೇರೆ ಗಾಡಿ ಬ್ಯಾಟ್ರಿ ಬ್ಯಾಡ. ಜಂಪರಿನ ಕೆಂಪು ಕೇಬಲ್ ಬಿಚ್ಚಿಬಿಡಿ. ಕರಿ ಕೇಬಲ್ ಒಂದು ಸಾಕು. ಒಂದು ತುದಿ ನಿಮ್ಮ ಬ್ಯಾಟ್ರಿ ಮೈನಸ್ಸಿಗೇ ಹಾಕಿ. ಇನ್ನೊಂದು ತುದಿ ಇಂಜಿನ್ನಿಗೆ, ಇಲ್ಲಾಂದ್ರೆ ಗೇರ್‌ಬಾಕ್ಸಿನ ಬೋಲ್ಟಿಗೆ. ಪೇಂಟ್ ಇಲ್ಲದ ಜಾಗ ನೋಡಿ ಕಚ್ಚಿಸಿ.’

ನಮ್ಮ ಗಾಡಿಯ ಬ್ಯಾಟರಿ ಇರುವುದು ಕ್ಯಾಬಿನ್ನಿನ ಹಿಂದೆ, ಚಾಸಿಯ ಪಕ್ಕಕ್ಕೆ ಕಟ್ಟಿದ ಕಬ್ಬಿಣದ ಪೆಟ್ಟಿಗೆಯಲ್ಲಿ. ನಾನು ಮೊಬೈಲಿನ ಬೆಳಕು ಹಿಡಿದೆ. ಆ ಪಿಕಪ್ಪಿನ ಹುಡುಗ ಕೆಳಗೆ ನುಸುಳಿ ಗೇರ್‌ಬಾಕ್ಸಿನ ಒಂದು ಬೋಲ್ಟನ್ನು ಟವೆಲ್ಲಿನಿಂದ ಉಜ್ಜಿ ಕ್ಲಿಪ್ ಕಚ್ಚಿಸಿದ. ಕಚ್ಚಿಸುವಾಗ ಚಿಟ್ ಅಂತ ಒಂದು ಕಿಡಿ. ಚಿಕ್ಕಪ್ಪ ಕೀಲಿ ತಿರುಗಿಸಿದರು. ಅರ್ಧ ಸುತ್ತೂ ಬೇಕಾಗಲಿಲ್ಲ, ಇಂಜಿನ್ ಗುಡುಗಿಕೊಂಡು ಎದ್ದಿತು. ಹೆಡ್‌ಲೈಟಿನ ಬೆಳಕು ಟೀ ಅಂಗಡಿಯ ಗೋಡೆಯ ಮೇಲೆ ಬಿತ್ತು. ‘ಕೇಬಲ್ ಬಿಚ್ಚಬ್ಯಾಡಿ, ಹಂಗೇ ಕಟ್ಕೊಂಡು ಹೋಗಿ, ಮಂಡೀಲಿ ಕೊಡಿ ನಂಗೆ’ ಎಂದ ಆ ಹುಡುಗ. ಹಗ್ಗದಿಂದ ಕೇಬಲ್ಲನ್ನು ಚಾಸಿಗೆ ಬಿಗಿದು, ತಿರುಗುವ ಯಾವುದಕ್ಕೂ ತಾಗದಂತೆ ನೋಡಿಕೊಂಡು ಹೊರಟೆವು. ಹರಾಜಿಗೆ ಮುಟ್ಟಿದೆವು.

ಮೂರು ಅಡಿಯ ಒಂದು ಕೇಬಲ್ಲು ಹೊಸ ಬ್ಯಾಟರಿಯೂ ಮಾಡದ ಕೆಲಸವನ್ನು ಹೇಗೆ ಮಾಡಿತು? ಮಧ್ಯಾಹ್ನ ಗಾಡಿಯನ್ನು ಭಾಯ್ ಅಂಗಡಿಗೆ ಒಯ್ದಾಗ ನಾನು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕುಳಿತು ಅವರು ಮಾಡಿದ್ದನ್ನೆಲ್ಲ ನೋಡಿದೆ.

ಮೊದಲು ಜಂಪರನ್ನು ತೆಗೆದರು. ಮೀಟರನ್ನು 20 ವೋಲ್ಟ್ ಡಿಸಿಗೆ ತಿರುಗಿಸಿ ಬ್ಯಾಟರಿಯ ಎರಡೂ ಕಂಬಕ್ಕೆ ಮುಟ್ಟಿಸಿದರು. 12.6. ‘ಬ್ಯಾಟ್ರಿ ಹೊಟ್ಟೆ ತುಂಬೈತೆ’ ಎಂದರು. ನಿಂತ ಗಾಡಿಯಲ್ಲಿ 12.6 ಅಂದರೆ ಪೂರ್ತಿ ಚಾರ್ಜು. 12.2 ಅಂದರೆ ಹೆಚ್ಚುಕಡಿಮೆ ಅರ್ಧ. 12ರಿಂದ ಕೆಳಗಿಳಿದರೆ ಬಹುಪಾಲು ಖಾಲಿ. ಆಮೇಲೆ ಹೆಡ್‌ಲೈಟ್ ಹಾಕಲು ಹೇಳಿದರು. ಬಲ್ಬಿನೊಳಗಿನ ತಂತಿ ಬೂದಿ ಮುಚ್ಚಿದ ಕೆಂಡದಂತೆ ಮಸುಕಾಗಿ ಕೆಂಪಾಯಿತು. ಆದರೆ ಬ್ಯಾಟರಿಯ ಕಂಬದ ಮೇಲೆ ಮೀಟರು ಆಗಲೂ 12.5 ತೋರಿಸುತ್ತಿತ್ತು. ಬ್ಯಾಟರಿಯಲ್ಲಿ ಇದೆ, ಬಲ್ಬಿಗೆ ಬರುತ್ತಿಲ್ಲ. ನಡುವೆ ಯಾರೋ ತಿನ್ನುತ್ತಿದ್ದಾರೆ.

ಹೆಡ್‌ಲೈಟ್ ಉರಿಯುತ್ತಿರುವಾಗಲೇ ಭಾಯ್ ಮೀಟರಿನ ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬದ ಮೇಲೆ ಊರಿ ಹಿಡಿದರು. ಕೆಂಪು ಕಡ್ಡಿಯನ್ನು ಮೈನಸ್ ಕೇಬಲ್ಲಿನ ಉದ್ದಕ್ಕೂ ಒಂದೊಂದೇ ಹೆಜ್ಜೆ ಮುಂದಿಟ್ಟರು. ಕಂಬವನ್ನು ತಬ್ಬಿದ ಟರ್ಮಿನಲ್ ಮೇಲೆ 0.02. ಕೇಬಲ್ಲಿನ ಇನ್ನೊಂದು ತುದಿಯ ತಾಮ್ರದ ಲಗ್ಗಿನ ಮೇಲೆ 0.05. ಆ ಲಗ್ಗನ್ನು ಚಾಸಿಗೆ ಬಿಗಿದ ಬೋಲ್ಟಿನ ಪಕ್ಕದಲ್ಲೇ, ಎರಡು ಬೆರಳು ದೂರದಲ್ಲಿ, ಚಾಸಿಯ ಪೇಂಟನ್ನು ಸ್ಕ್ರೂ ಡ್ರೈವರಿನಿಂದ ಕೆರೆದು ಮುಟ್ಟಿಸಿದರು. 9.8. ನನ್ನ ಕಡೆ ನೋಡಿದರು. ‘ಇಲ್ಲೇ ಕೂತವ್ನೆ ಕಳ್ಳ.’

ಒಂದೇ ತಾಮ್ರ, ಒಂದೇ ಕಬ್ಬಿಣ, ಎರಡೂ ಮೈಗೆ ಮೈ ಒತ್ತಿಕೊಂಡಿವೆ. ಅವುಗಳ ನಡುವೆ 9.8 ವೋಲ್ಟ್ ಇರಬಾರದು, ಸೊನ್ನೆಗೆ ಹತ್ತಿರ ಇರಬೇಕು. ಬಲ್ಬಿಗೆ ಸಿಗಬೇಕಾದ 12ರಲ್ಲಿ ಮುಕ್ಕಾಲು ಭಾಗ ಆ ಒಂದು ಬೋಲ್ಟಿನ ಬುಡದಲ್ಲೇ ಖರ್ಚಾಗುತ್ತಿತ್ತು.

ಇದನ್ನು ಅರಿಯಲು ಗಾಡಿಯ ಕರೆಂಟು ನಡೆಯುವ ರೀತಿ ಗೊತ್ತಿರಬೇಕು. ಮನೆಗೆ ಬರುವ ಕರೆಂಟಿಗೆ ಹೋಗಲು ಒಂದು ವೈರು, ಬರಲು ಒಂದು ವೈರು. ಗಾಡಿಯಲ್ಲಿ ಹೋಗುವುದಕ್ಕೆ ಮಾತ್ರ ವೈರು, ಬರುವುದು ಗಾಡಿಯ ಮೈಯ ಮೂಲಕ. ಚಾಸಿ, ಬಾಡಿ, ಇಂಜಿನ್ನು ಎಲ್ಲವೂ ಸೇರಿ ವಾಪಸು ದಾರಿ. ಮೆಕ್ಯಾನಿಕ್ಕುಗಳು ಅದಕ್ಕೆ ‘ಬಾಡಿ ಅರ್ತ್’ ಅನ್ನುತ್ತಾರೆ. ಬಲ್ಬು, ಹಾರ್ನು, ಸೆಲ್ಫು, ವೈಪರು ಎಲ್ಲದರ ಕರೆಂಟೂ ಕೊನೆಗೆ ಒಂದೇ ಗಂಟಿಗೆ ಬಂದು ಬ್ಯಾಟರಿಯ ಮೈನಸ್ಸನ್ನು ಸೇರುತ್ತದೆ. ಆ ಗಂಟು ಸಡಿಲವಾದರೆ ಎಲ್ಲವೂ ಒಟ್ಟಿಗೇ ಹೋಗುತ್ತವೆ. ಬೋರ್ಡಿನ ದೀಪ, ಹಾರ್ನು, ಹೆಡ್‌ಲೈಟು ಒಂದೇ ಗಳಿಗೆಯಲ್ಲಿ ಸತ್ತಿದ್ದು ಅದಕ್ಕೇ. ಬೇರೆ ಬೇರೆ ವಸ್ತುಗಳು ಒಂದೇ ಕ್ಷಣ ಕೆಡುವುದಿಲ್ಲ. ಎಲ್ಲಕ್ಕೂ ಸಾಮಾನ್ಯವಾದದ್ದು ಯಾವುದೋ ಅದು ಕೆಡುತ್ತದೆ. ಕೆಂಪು ವೈರನ್ನು ಎಲ್ಲರೂ ಹುಡುಕುತ್ತಾರೆ, ಕರಿ ವೈರಿನ ತುದಿ ಎಲ್ಲಿ ಹೋಗಿ ಸೇರಿದೆಯೆಂದು ಬಗ್ಗಿ ನೋಡುವವರು ಕಡಿಮೆ.

ಹಾಗಾದರೆ ಕೀಲಿಯ ಅರ್ಧ ತಿರುವಿಗೆ ಕೆಂಪು ದೀಪ ಹತ್ತಿದ್ದು ಹೇಗೆ? ಇಲ್ಲಿ ಸಣ್ಣ ಲೆಕ್ಕವಿದೆ, ನಾಲ್ಕನೇ ತರಗತಿಯ ಗುಣಾಕಾರ ಸಾಕು. ಆ ಬೋಲ್ಟಿನ ಬುಡದಲ್ಲಿ ತುಕ್ಕಿನಿಂದಾಗಿ 1 ಓಮ್ ಅಡ್ಡಿ ಇದೆ ಎಂದಿಟ್ಟುಕೊಳ್ಳಿ. ಬೋರ್ಡಿನ ಪುಟ್ಟ ದೀಪ ಎಳೆಯುವುದು ಕಾಲು ಆಂಪ್. ಅದು ಆ ಅಡ್ಡಿಯಲ್ಲಿ ಕಳೆದುಕೊಳ್ಳುವುದು ಕಾಲು ವೋಲ್ಟ್, ಕಣ್ಣಿಗೆ ಗೊತ್ತೂ ಆಗದು. ಎರಡು ಹೆಡ್‌ಲೈಟ್ ಸೇರಿ ಎಳೆಯಬೇಕಾದ್ದು 9 ಆಂಪಿನ ಆಸುಪಾಸು. ಅಲ್ಲಿ ಸೋರಿಕೆ ದೊಡ್ಡದಾಗಿ ಬೆಳಕು ಸಾಯುತ್ತದೆ. ಸೆಲ್ಫಿಗೆ ಬೇಕಾದ್ದು 200 ಆಂಪ್, ಥಂಡಿಯಲ್ಲಿ ಡೀಸೆಲ್ ಇಂಜಿನ್ನಿಗೆ ಅದಕ್ಕೂ ಹೆಚ್ಚು. ನಮ್ಮ ಬೋರ್‌ವೆಲ್ಲಿನ 5 ಎಚ್‌ಪಿ ಮೋಟರು ಒಂದು ಫೇಸಿನಲ್ಲಿ ಎಳೆಯುವುದು 7–8 ಆಂಪ್ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ 200 ಅಂದರೆ ಎಷ್ಟೆಂದು ರೈತರಿಗೆ ಹೇಳಬೇಕಾಗಿಲ್ಲ. 12 ವೋಲ್ಟಿನ ಬ್ಯಾಟರಿ 1 ಓಮ್ ಅಡ್ಡಿಯ ಮೂಲಕ 12 ಆಂಪಿಗಿಂತ ಹೆಚ್ಚು ತಳ್ಳಲಾರದು. ಅಡ್ಡಿ 1 ಓಮಿನ ಇಪ್ಪತ್ತನೇ ಒಂದು ಭಾಗವಿದ್ದರೂ 200 ಆಂಪ್ ಹರಿಯಬೇಕಾದರೆ ಅಲ್ಲೇ 10 ವೋಲ್ಟ್ ಮುಗಿದುಹೋಗುತ್ತದೆ. ಅದಕ್ಕೇ ದೀಪ ಹತ್ತಿತೆಂದರೆ ದಾರಿ ಸರಿಯಿದೆ ಎಂದಲ್ಲ. ಕಾಲುದಾರಿಯಲ್ಲಿ ಒಬ್ಬ ನಡೆದು ಹೋದನೆಂದು ಅದೇ ದಾರಿಯಲ್ಲಿ ಲಾರಿ ಹೋಗದು.

ಆ ಬೆಳಗ್ಗೆ ಆದದ್ದೂ ಇದೇ. ಸಂದು ಹೇಗೋ ಒಂದಿಷ್ಟು ತಾಗಿಕೊಂಡಿತ್ತು. ಸೆಲ್ಫಿನ ಭಾರ ಒಮ್ಮೆಲೇ ಬಿದ್ದಾಗ ಆ ತಾಗಿದ ಚೂರು ಬಿಸಿಯಾಗಿ ಬಿಟ್ಟುಕೊಟ್ಟಿತು. ಎಲ್ಲ ಆರಿತು. ತಣ್ಣಗಾದ ಮೇಲೆ ಮತ್ತೆ ತುಸು ತಾಗಿ ಮಂಕು ಬೆಳಕು ಬಂತು. ಭಾಯ್ ಫೋನಿನಲ್ಲಿ ಕೇಳಿದ ಎರಡೇ ಪ್ರಶ್ನೆಯಲ್ಲಿ ಇದೆಲ್ಲ ಅಡಗಿತ್ತು. ಬ್ಯಾಟರಿ ನಿಜಕ್ಕೂ ಖಾಲಿಯಾಗಿದ್ದರೆ ‘ಟಕ ಟಕ ಟಕ’ ಎಂದು ಎಡೆಬಿಡದೆ ಬಡಿಯುತ್ತದೆ, ದೀಪ ಮೆಲ್ಲನೆ ಇಳಿಯುತ್ತದೆ. ದೀಪ ಪ್ರಕಾಶವಾಗಿಯೇ ಉಳಿದು ಒಂದೇ ‘ಟಕ್’ ಕೇಳಿಸಿದರೆ ಸೆಲ್ಫನ್ನೋ ಅದರ ಸ್ವಿಚ್ಚನ್ನೋ ಅನುಮಾನಿಸಬೇಕು. ಎಲ್ಲವೂ ಒಟ್ಟಿಗೇ ಹೋಗಿ, ಬಿಟ್ಟರೆ ತಾನೇ ಮರಳಿದರೆ ಅದು ಸಂದಿನ ರೋಗ. ಸದ್ದಿನಲ್ಲೇ ಮುಕ್ಕಾಲು ಉತ್ತರ ಇರುತ್ತದೆ. ಇನ್ನೊಂದು ಬ್ಯಾಟರಿಯನ್ನು ಕಂಬಕ್ಕೆ ಕಂಬ ಸೇರಿಸಿದಾಗ ಏಕೆ ಪ್ರಯೋಜನವಾಗಲಿಲ್ಲ ಎಂಬುದೂ ಈಗ ಗೊತ್ತಾಗುತ್ತದೆ. ದಾರಿ ಕಡಿದದ್ದು ಮೈನಸ್ ಕಂಬದ ಆಚೆ. ಈಚೆ ಎಷ್ಟು ಬ್ಯಾಟರಿ ಪೇರಿಸಿದರೂ ಅಷ್ಟೇ.

ಕೋಲಾರದ ನೆಲಕ್ಕೂ ಈ ಲೆಕ್ಕಕ್ಕೂ ಹಳೆಯ ನಂಟಿದೆ. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೆತ್ತಿಕೊಂಡ ಯೋಜನೆಯಿಂದ 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿ.ಮೀ. ತಂತಿಯ ಮೇಲೆ ಚಿನ್ನದ ಗಣಿಗೆ ಬಂತು. ಅಷ್ಟು ದೂರ ಬರಲು ಸಾಧ್ಯವಾದದ್ದು ವೋಲ್ಟನ್ನು ಹತ್ತಾರು ಸಾವಿರಕ್ಕೆ ಏರಿಸಿದ್ದರಿಂದ. ವೋಲ್ಟ್ ಏರಿದರೆ ಅದೇ ಕೆಲಸಕ್ಕೆ ಆಂಪ್ ಇಳಿಯುತ್ತದೆ, ದಾರಿಯ ನಷ್ಟವೂ ಇಳಿಯುತ್ತದೆ. ಗಾಡಿಯಲ್ಲಿ ಇದು ಪೂರ್ತಿ ತಿರುವುಮುರುವು. ವೋಲ್ಟ್ ಬರೀ 12, ಆಂಪ್ ನೂರಾರು. ಹಾಗಾಗಿ ಇಲ್ಲಿ ಒಂದು ಉಗುರಿನಷ್ಟು ತುಕ್ಕು ಕೂಡ ಲೆಕ್ಕಕ್ಕೆ ಬರುತ್ತದೆ. 1912ರ ಕ್ಯಾಡಿಲ್ಯಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ಸೆಲ್ಫ್ ಕೂರಿಸಿದ ದಿನದಿಂದ ಈ ಭಾರ ಗಾಡಿಯ ಸಂದುಗಳ ಮೇಲೆ ಬಿದ್ದಿದೆ. ಅದಕ್ಕೆ ಮುಂಚೆ ಆ ಭಾರ ಹ್ಯಾಂಡಲ್ ತಿರುಗಿಸುವವರ ರಟ್ಟೆಯ ಮೇಲಿತ್ತು.

ಭಾಯ್ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿದರು. ಯಾವಾಗಲೂ ಮೈನಸ್ ಮೊದಲು ಬಿಚ್ಚಬೇಕು, ಕೊನೆಗೆ ಹಾಕಬೇಕು. ಪ್ಲಸ್ ಬಿಚ್ಚುವಾಗ ಸ್ಪ್ಯಾನರು ಚಾಸಿಗೆ ತಾಗಿದರೂ ಆಗ ಕಿಡಿ ಹಾರುವುದಿಲ್ಲ. ಆಮೇಲೆ ಚಾಸಿಯ ಬೋಲ್ಟಿಗೆ ಕೈಹಾಕಿದರು. ಮೇಲಿಂದ ನೋಡಿದರೆ ಅದು ಬಿಗಿಯಾಗಿಯೇ ಇತ್ತು. ಬಿಚ್ಚಿದಾಗ ಲಗ್ಗಿನ ಕೆಳಗೆ ಕಂದು ಬಣ್ಣದ ಪುಡಿ, ನಡುವೆ ಹಸಿರು ಗಟ್ಟಿದ ತಾಮ್ರ, ಅದರ ಕೆಳಗೆ ಕಪ್ಪು ಪೇಂಟಿನ ಒಂದು ಪದರ. ಯಾವ ಕಾಲದಲ್ಲೋ ಚಾಸಿಗೆ ಪೇಂಟ್ ಹೊಡೆಸುವಾಗ ಲಗ್ಗನ್ನು ಬಿಚ್ಚಿ, ಪೇಂಟಿನ ಮೇಲೆಯೇ ಮತ್ತೆ ಬಿಗಿದಿದ್ದರು. ಅಲ್ಲಿಂದ ಮುಂದೆ ಬೋಲ್ಟಿನ ಎಳೆಗಳು ಮಾತ್ರ ಕರೆಂಟು ಸಾಗಿಸುತ್ತಿದ್ದವು. ಅದು ಹಿಂದಿನ ಬಾಡಿಯ ಹಲಗೆಗಳ ನೇರ ಕೆಳಗಿನ ಜಾಗ. ಹಣ್ಣು ಜಜ್ಜಿ ಇಳಿದ ಹುಳಿ ರಸ ಅಲ್ಲೇ ತೊಟ್ಟಿಕ್ಕುತ್ತದೆ. ಮಂಡಿಯಿಂದ ಬಂದು ಪೈಪ್ ಹಿಡಿದು ತೊಳೆದ ನೀರೂ ಅಲ್ಲೇ ನಿಲ್ಲುತ್ತದೆ. ವರ್ಷಗಟ್ಟಲೆ ನಾವೇ ಆ ಬೋಲ್ಟಿಗೆ ಹುಳಿಯೂಡಿಸಿದ್ದೆವು.

ಅವರು ಎಮರಿ ಶೀಟಿನಿಂದ ಚಾಸಿಯನ್ನು ಉಜ್ಜಿದರು. ರೂಪಾಯಿ ಅಗಲದ ಜಾಗ ಬೆಳ್ಳಿಯಂತೆ ಹೊಳೆಯುವ ತನಕ ಬಿಡಲಿಲ್ಲ. ಹಳೆಯ ಲಗ್ಗನ್ನು ಕತ್ತರಿಸಿ, ಕೇಬಲ್ಲಿನೊಳಗೆ ಹಸಿರು ಎಷ್ಟು ದೂರ ಏರಿದೆಯೆಂದು ರಬ್ಬರು ಸೀಳಿ ನೋಡಿ, ಒಳ್ಳೆಯ ತಾಮ್ರ ಸಿಗುವ ಕಡೆ ಹೊಸ ಲಗ್ಗನ್ನು ಒತ್ತಿ ಕೂರಿಸಿದರು. ಹಲ್ಲಿರುವ ಸ್ಟಾರ್ ವಾಷರ್ ಇಟ್ಟು ಬಿಗಿದರು. ಎಲ್ಲ ಬಿಗಿದಾದ ಮೇಲೆ ಹೊರಗಿನಿಂದ ದಪ್ಪಗೆ ಗ್ರೀಸು ಬಳಿದರು. ಗ್ರೀಸು ಮೊದಲೇ ತುಂಬಿ ಬಿಗಿಯುವುದಲ್ಲ, ಲೋಹಕ್ಕೆ ಲೋಹ ಕಚ್ಚಿದ ಮೇಲೆ ನೀರು ಹೋಗದಂತೆ ಮುಚ್ಚುವುದು. ಮತ್ತೆ ಕಡ್ಡಿಗಳನ್ನಿಟ್ಟರು. ಹೆಡ್‌ಲೈಟ್ ಉರಿಯುವಾಗ 0.01. ಚಿಕ್ಕಪ್ಪ ಸೆಲ್ಫ್ ಹೊಡೆದಾಗ ಬ್ಯಾಟರಿಯ ಮೈನಸ್ಸಿನಿಂದ ಇಂಜಿನ್ನಿನ ಮೈಗೆ 0.2. ಭಾಯ್ ತಲೆಯಾಡಿಸಿ ಮೀಟರನ್ನು ಡಬ್ಬಿಗೆ ಹಾಕಿದರು. ಒಂದು ಲಗ್ಗು, ಒಂದು ವಾಷರು, ಒಂದು ತುಂಡು ಎಮರಿ, ಇಷ್ಟೇ ಸಾಮಾನು. ಅದಕ್ಕೆ ಮುಂಚೆ ನಾವೊಂದು ಬ್ಯಾಟರಿ ಕೊಂಡಿದ್ದೆವು.

ಸೂಚನೆಗಳು ತಿಂಗಳುಗಟ್ಟಲೆ ಮುಂಚೆಯೇ ಬಂದಿದ್ದವು. ಒಂದೇ ತಿಂಗಳಲ್ಲಿ ಎರಡು ಹೆಡ್‌ಲೈಟ್ ಬಲ್ಬು ಸುಟ್ಟಿದ್ದವು. ಬಲ್ಬಿನ ಗುಣಮಟ್ಟವೇ ಸರಿಯಿಲ್ಲ ಎಂದು ಬೈದುಕೊಂಡಿದ್ದೆವು. ಇಂಜಿನ್ ಓಡುವಾಗ ಡೈನಮೋದ ಕರೆಂಟು ಏರಿಳಿಯದಂತೆ ಹಿಡಿದಿಡುವುದು ಬ್ಯಾಟರಿಯೇ. ಕೆರೆ ಇಲ್ಲದ ಊರಿನ ಕಾಲುವೆಯಂತೆ, ಬ್ಯಾಟರಿಯ ಸಂಬಂಧ ಕಡಿದರೆ ಏರಿಳಿತವೆಲ್ಲ ಬಲ್ಬಿನ ಮೇಲೆ ಬೀಳುತ್ತದೆ. ಗುಂಡಿ ಹಾರಿದಾಗ ಬೆಳಕು ಮಿಣುಕುತ್ತಿತ್ತು. ಆಕ್ಸಿಲರೇಟರ್ ಒತ್ತಿದರೆ ಹೆಡ್‌ಲೈಟ್ ಜಾಸ್ತಿ ಬೆಳಗುತ್ತಿತ್ತು. ಇಂಡಿಕೇಟರ್ ಹಾಕಿದರೆ ಹಿಂದಿನ ದೀಪವೂ ಜೊತೆಗೆ ಮಿನುಗುವ ಗಾಡಿಗಳನ್ನು ನೀವೂ ನೋಡಿರಬಹುದು. ಅದೂ ಇದೇ ರೋಗ, ಆ ದೀಪದ ಗೂಡಿನ ಅರ್ತ್ ಕಡಿದು ಕರೆಂಟು ಪಕ್ಕದ ಬಲ್ಬಿನ ಮೂಲಕ ವಾಪಸಾಗುತ್ತಿರುತ್ತದೆ.

ವಾಪಸು ದಾರಿ ಕಡಿದಾಗ ಕರೆಂಟು ಸುಮ್ಮನಿರುವುದಿಲ್ಲ, ಸಿಕ್ಕ ದಾರಿ ಹಿಡಿಯುತ್ತದೆ. ಭಾಯ್ ಹೇಳಿದ ಇನ್ನೊಂದು ಗಾಡಿಯ ಕಥೆಯಲ್ಲಿ, ಕ್ಲಚ್ ಕೆಲಸ ಮಾಡಿದವರು ಇಂಜಿನ್ನಿನಿಂದ ಚಾಸಿಗೆ ಬರುವ ಜಡೆಯಂಥ ತಾಮ್ರದ ಪಟ್ಟಿಯನ್ನು ಮತ್ತೆ ಕಟ್ಟಲು ಮರೆತಿದ್ದರು. ಇಂಜಿನ್ನು ರಬ್ಬರಿನ ಕಾಲುಗಳ ಮೇಲೆ ಕೂತಿರುತ್ತದೆ, ಆ ಪಟ್ಟಿಯಿಲ್ಲದೆ ಚಾಸಿಗೆ ಅದರ ಸಂಬಂಧವೇ ಇರುವುದಿಲ್ಲ. ಸೆಲ್ಫ್ ಹೊಡೆದಾಗಲೆಲ್ಲ ಅಷ್ಟೂ ಆಂಪ್ ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ಹರಿದು, ಅದರ ಒಳಗಿನ ಪ್ಲಾಸ್ಟಿಕ್ಕು ಕರಗಿ ಕೇಬಲ್ ಬಿಗಿಯಿತು. ಗಾಡಿಯ ಯಜಮಾನರು ಕೇಬಲ್ಲನ್ನೇ ಎರಡು ಸಲ ಬದಲಾಯಿಸಿದರು. ಮೂರನೆಯ ಸಲ ಹೊಗೆ ಬಂತು. ಆಕ್ಸಿಲರೇಟರ್ ಕೇಬಲ್ಲಿಗೂ ಕರೆಂಟಿಗೂ ಏನು ಸಂಬಂಧವೆಂದು ಯಾರಿಗೆ ತಾನೇ ಹೊಳೆಯಬೇಕು? ಆದರೆ ಒತ್ತಿದ ಆಕ್ಸಿಲರೇಟರ್ ಹಾಗೇ ಕಚ್ಚಿಕೊಂಡರೆ ಅದು ಜೀವಕ್ಕೇ ಸಂಚಕಾರ.

ಹಾಗೆಂದು ದಿಢೀರನೆ ಕರೆಂಟು ಹೋದರೆ ಎಲ್ಲವೂ ಅರ್ತಿನ ತೊಂದರೆ ಎಂದು ನಾನು ಹೇಳುತ್ತಿಲ್ಲ. ಬ್ಯಾಟರಿ ಟರ್ಮಿನಲ್ಲನ್ನು ಕೈಯಲ್ಲಿ ತಿರುಚಿ ನೋಡುವುದು ಎಲ್ಲಕ್ಕಿಂತ ಮೊದಲಿನ ಕೆಲಸ. ಅದು ಕೈಗೆ ತಿರುಗಿತೆಂದರೆ ಮುಂದೆ ಹುಡುಕಬೇಕಾಗಿಯೇ ಇಲ್ಲ. ಕಂಬದ ಮೇಲೆ ಬಿಳಿ ಹೂ ಅರಳಿದ್ದರೆ ಬಿಸಿನೀರಿಗೆ ಅಡುಗೆ ಸೋಡ ಹಾಕಿ ತೊಳೆಯಬೇಕು, ಸೋಡದ ನೀರು ಬ್ಯಾಟರಿಯ ಒಳಗೆ ಹೋಗದಂತೆ ಮುಚ್ಚಳ ಬಿಗಿದಿರಬೇಕು. ನಮ್ಮ ಕಡೆ ಇನ್ನೊಂದು ತಪ್ಪಿದೆ. ಬ್ಯಾಟರಿಯಲ್ಲಿ ನೀರು ಇಳಿದರೆ ಬೋರ್‌ವೆಲ್ಲಿನ ನೀರನ್ನೇ ಹಾಕುತ್ತಾರೆ. ಪಾತ್ರೆಯ ತಳದಲ್ಲಿ ಬಿಳಿ ಗಸಿ ಕಟ್ಟುವ ಗಡಸು ನೀರು ಅದು. ಅದರೊಳಗಿನ ಉಪ್ಪುಗಳು ಪ್ಲೇಟುಗಳನ್ನು ಹಾಳುಮಾಡುತ್ತವೆ. ಡಿಸ್ಟಿಲ್ಡ್ ನೀರು ದುಬಾರಿಯೇನಲ್ಲ.

ಇಂಜಿನ್ ಓಡುವಾಗ ಬ್ಯಾಟರಿಯ ಮೇಲೆ 13.8ರಿಂದ 14.4 ವೋಲ್ಟ್ ಇರಬೇಕು. 12.5ರಲ್ಲೇ ನಿಂತಿದ್ದರೆ ಡೈನಮೋ ಕೊಡುತ್ತಿಲ್ಲ: ಬೆಲ್ಟು ಜಾರುತ್ತಿರಬಹುದು, ಒಳಗಿನ ಕಾರ್ಬನ್ ಸವೆದಿರಬಹುದು. 15 ದಾಟಿದರೆ ವೋಲ್ಟಿಗೆ ಮಿತಿ ಹಾಕುವ ಕಟ್‌ಔಟ್ ಕೆಟ್ಟಿದೆ, ಬ್ಯಾಟರಿ ಕುದಿಯುತ್ತದೆ. ಇದನ್ನು ಮೀಟರಿಲ್ಲದೆ ನೋಡಲು ಓಡುವ ಇಂಜಿನ್ನಿನಲ್ಲೇ ಬ್ಯಾಟರಿಯ ಟರ್ಮಿನಲ್ ಕಿತ್ತು, ಇಂಜಿನ್ ನಡೆದರೆ ಡೈನಮೋ ಸರಿ ಎನ್ನುವ ಪದ್ಧತಿ ಎಷ್ಟೋ ಗ್ಯಾರೇಜುಗಳಲ್ಲಿದೆ. ದಯವಿಟ್ಟು ನಿಮ್ಮ ಗಾಡಿಯಲ್ಲಿ ಮಾಡಲು ಬಿಡಬೇಡಿ. ಕಿತ್ತ ಕ್ಷಣ ವೋಲ್ಟ್ ನೆಗೆದು ಡಯೋಡುಗಳನ್ನು ಸುಡಬಲ್ಲದು. ಅದೂ ಅಲ್ಲದೆ ಡೀಸೆಲ್ ಪಂಪು ಹಳೆಯ ಕಾಲದ್ದಾಗಿದ್ದು ಗುಂಡಿ ಎಳೆದು ಇಂಜಿನ್ ನಿಲ್ಲಿಸುವ ಗಾಡಿಯಾದರೆ, ಒಮ್ಮೆ ಎದ್ದ ಇಂಜಿನ್ನಿಗೆ ಕರೆಂಟೇ ಬೇಕಿಲ್ಲ. ಡೈನಮೋ ಸತ್ತಿದ್ದರೂ ಅದು ಓಡುತ್ತಲೇ ಇರುತ್ತದೆ. ಹಾಗಾಗಿ ಆ ಪರೀಕ್ಷೆಯಿಂದ ಏನೂ ಗೊತ್ತಾಗದು.

ಫ್ಯೂಸಿನ ವಿಷಯದಲ್ಲಿ ನನಗೆ ನಿಜವಾದ ಭಯವಿದೆ. ಬ್ಲೇಡ್ ಫ್ಯೂಸುಗಳಿಗೆ ಬಣ್ಣದ ಗುರುತಿದೆ: ಕೆಂಪು 10 ಆಂಪ್, ನೀಲಿ 15, ಹಳದಿ 20, ಹಸಿರು 30. ಕೆಂಪು ಸುಟ್ಟ ಜಾಗಕ್ಕೆ ಹಸಿರು ಹಾಕಿದರೆ, ಇಲ್ಲವೇ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಸುತ್ತಿ ತುರುಕಿದರೆ, ಮುಂದಿನ ಸಲ ಸುಡುವುದು ಫ್ಯೂಸಲ್ಲ, ವೈರಿಂಗ್ ಕಿಟ್ಟು. ಕೊಟ್ಟಿಗೆಯ ಪಕ್ಕ ನಿಲ್ಲುವ ಗಾಡಿಯಲ್ಲಿ ಇಲಿ ಕಡಿದ ವೈರು ಬಾಡಿಗೆ ತಾಗುವುದು ಎಲ್ಲ ಊರಿನ ಕಥೆ. ಪ್ಲಸ್ ಕೇಬಲ್ಲಿನ ಬುಡದಲ್ಲಿ ಇನ್ನೊಂದು ಕಾವಲು ವೈರು ಇರುವ ಗಾಡಿಗಳೂ ಉಂಟು. ಅದು ಒಳಗೇ ಕರಗಿ ಹೊರಗಿನ ರಬ್ಬರು ಹಾಗೇ ಉಳಿದಿರುತ್ತದೆ. ಮೆಲ್ಲನೆ ಜಗ್ಗಿದಾಗ ರಬ್ಬರ್ ಬ್ಯಾಂಡಿನಂತೆ ಎಳೆದುಕೊಂಡರೆ ಒಳಗೆ ತಾಮ್ರ ಉಳಿದಿಲ್ಲವೆಂದು ತಿಳಿಯಬೇಕು. ಉದ್ದದ ವೈರಿನಲ್ಲಿ ಎಲ್ಲಿ ಕಡಿದಿದೆ ಎಂದು ಹುಡುಕುವಾಗ ಭಾಯ್ ಯಾವತ್ತೂ ತುದಿಯಿಂದ ಶುರುಮಾಡುವುದಿಲ್ಲ. ನಟ್ಟನಡುವೆ ಟೆಸ್ಟ್ ಲ್ಯಾಂಪ್ ಚುಚ್ಚುತ್ತಾರೆ. ಅಲ್ಲಿ ಉರಿದರೆ ಅರ್ಧ ದಾರಿ ಸರಿಯಿದೆ, ಉಳಿದ ಅರ್ಧದ ನಡುವೆ ಮತ್ತೆ ಚುಚ್ಚುತ್ತಾರೆ. ಹತ್ತು ಸಂದಿರುವ ವೈರಿನಲ್ಲಿ ನಾಲ್ಕೇ ಸಲಕ್ಕೆ ಜಾಗ ಸಿಗುತ್ತದೆ.

ಈ ವಿದ್ಯೆ ಅವರಿಗೆ ಶಾಲೆಯಲ್ಲಿ ಸಿಕ್ಕಿದ್ದಲ್ಲ. ಹತ್ತು ವರ್ಷದ ಹುಡುಗನಾಗಿದ್ದಾಗ ಉಸ್ತಾದರ ಕೈಕೆಳಗೆ ಬ್ಯಾಟರಿ ಒರೆಸುತ್ತ ಕಲಿತದ್ದು. 2020ರ ಏಪ್ರಿಲ್ 1ರಿಂದ ಬಂದ ಬಿಎಸ್-6 ಗಾಡಿಗಳಲ್ಲಿ ಕಂಪ್ಯೂಟರ್ ಇದೆ, ಹತ್ತಾರು ಸೆನ್ಸರ್ ಇವೆ, ಸ್ಕ್ಯಾನರ್ ಹಾಕಿದರೆ ಪರದೆಯ ಮೇಲೆ ಸಾಲು ಸಾಲು ಕೋಡುಗಳು ಬರುತ್ತವೆ. ಅವರೂ ಈಗ ಸ್ಕ್ಯಾನರ್ ಇಟ್ಟಿದ್ದಾರೆ. ಆದರೆ ಒಂದೇ ಸಲಕ್ಕೆ ಒಂದಕ್ಕೊಂದು ಸಂಬಂಧವಿಲ್ಲದ ಏಳೆಂಟು ಕೋಡು ಬಂದರೆ ಅವರು ಸ್ಕ್ಯಾನರನ್ನು ಪಕ್ಕಕ್ಕಿಟ್ಟು ಮೊದಲು ಅರ್ತ್ ಬೋಲ್ಟನ್ನೇ ಹುಡುಕುತ್ತಾರೆ. ಸೆನ್ಸರಿನ ಲೆಕ್ಕವೆಲ್ಲ ಅರ್ತನ್ನು ಸೊನ್ನೆಯೆಂದು ನಂಬಿ ನಡೆಯುವಂಥದು. ಸೊನ್ನೆಯೇ ಅರ್ಧ ವೋಲ್ಟ್ ಮೇಲೆ ಕೂತರೆ ಕಂಪ್ಯೂಟರಿಗೂ ಎಲ್ಲವೂ ತಪ್ಪಾಗಿಯೇ ಕಾಣುತ್ತದೆ.

ಚಿಕ್ಕಪ್ಪನಿಗೆ ಮೀಟರಿನ ಅಂಕಿಗಳು ಒಗ್ಗಲಿಲ್ಲ. ಅದನ್ನು ಕಂಡ ಭಾಯ್ ಹೊರಡುವಾಗ ಅವರಿಗೆ ಬೇರೆ ದಾರಿ ಹೇಳಿಕೊಟ್ಟರು. ‘ಅಣ್ಣಾ, ಸೆಲ್ಫ್ ಹೊಡೆದ ತಕ್ಷಣ ಒಂದೊಂದು ಸಂದಿಗೂ ಬೆರಳಿಟ್ಟು ನೋಡಿ. ಎಲ್ಲಿ ಬಿಸಿ ಐತೋ ಅಲ್ಲಿ ಕರೆಂಟು ಸುಡ್ತಾ ಐತೆ.’ ಅಡ್ಡಿಯಲ್ಲಿ ಕಳೆದ ವೋಲ್ಟ್ ಬೇರೆಲ್ಲೂ ಹೋಗುವುದಿಲ್ಲ, ಅಲ್ಲೇ ಶಾಖವಾಗುತ್ತದೆ. ಹಸುವಿನ ಕಿವಿ ಮುಟ್ಟಿ ಜ್ವರ ನೋಡುವ ಕೈಗೆ ಇದು ಕಷ್ಟವಲ್ಲ.

ಎರಡು ದಿನ ಬಿಟ್ಟು ಮತ್ತೆ ಹಣ್ಣು ಕಿತ್ತೆವು. ಮತ್ತದೇ ಹೆದ್ದಾರಿ, ಅದೇ ಟೀ ಅಂಗಡಿ, ಅದೇ ಹೊತ್ತು. ಗಾಡಿ ನಿಲ್ಲಿಸದೆ ಹೋಗೋಣವೆಂದು ನಾನಂದೆ. ಚಿಕ್ಕಪ್ಪ ನಿಲ್ಲಿಸಿದರು, ಇಂಜಿನ್ನನ್ನೂ ಆರಿಸಿದರು. ಟೀ ಕುಡಿದು ಬಂದು ಕೀಲಿ ತಿರುಗಿಸಿದರು. ಇಂಜಿನ್ ಎದ್ದಿತು. ಗೇರು ನ್ಯೂಟ್ರಲ್ಲಿನಲ್ಲಿದೆಯೇ ನೋಡಿ, ಹ್ಯಾಂಡ್‌ಬ್ರೇಕ್ ಎಳೆದು ಕೆಳಗಿಳಿದರು. ಬಗ್ಗಿ, ಬ್ಯಾಟರಿ ಪೆಟ್ಟಿಗೆಯ ಹಿಂದೆ ಕೈ ಚಾಚಿ ಆ ಬೋಲ್ಟಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಹಾಗೇ ಇದ್ದರು.

‘ತಣ್ಣಗೈತೆ ಕಣೋ’ ಎಂದರು, ಬೆರಳಿಗೆ ಹತ್ತಿದ ಗ್ರೀಸನ್ನು ಟವೆಲ್ಲಿಗೆ ಒರೆಸಿಕೊಳ್ಳುತ್ತಾ.